ಬಣ್ಣ ಬೇಡದ ಸೈನ್ಯ

ಆಲ್ದೂರು
10 ಮಾರ್ಚ್ 2025, ಸೋಮವಾರ

ನನ್ನ ಬಂಗಾರ ಭುವನಾ,

ಕೈಯಲ್ಲಿ ಫೋನಿದ್ದೂ ಕಾಗದ ಬರೆಯಲು ಕೂತಿರುವ ನಿನ್ನ ಅಮ್ಮ, ಇಲ್ಲಿಂದಲೇ ನಿನ್ನ ತಲೆ ಸವರಿದ್ದಾಳೆ ಅಂದುಕೋ. ಫೋನಿನಲ್ಲಾದರೆ ಬೇಡದ ಮಾತು ಬಂದ ಕೂಡಲೇ ನೀನು ‘ಡ್ಯೂಟಿ ಇದೆ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹರಿದು ಹಾಕುವುದಾದರೂ ಓದಿದ ಮೇಲೇ ಹರಿಯುತ್ತೀಯ. ಅಷ್ಟು ನನಗೆ ಗೊತ್ತು.

ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ಇಳಿದಿದೆ. ಹೂಮಳೆ ಸರಿಯಾದ ಹೊತ್ತಿಗೆ ಬಂತು ಅಂತ ಅಂಗಡಿಗೆ ಬರುವ ಕಾಫಿ ತೋಟದವರೆಲ್ಲ ಖುಷಿಯಲ್ಲಿದ್ದಾರೆ, ಹಾಗಾಗಿ ನಿಮ್ಮಪ್ಪನೂ ಖುಷಿಯಲ್ಲಿದ್ದಾರೆ. ನೀನು ಅಲ್ಲಿ ಮಂಗಳೂರಿನ ಸೆಕೆಯಲ್ಲಿ ದಿನವಿಡೀ ಪೇಷೆಂಟುಗಳ ಕೈಕಾಲು ಎತ್ತಿ ಇಳಿಸಿ, ರಾತ್ರಿ ಬರೀ ಬ್ರೆಡ್ಡು ತಿಂದು ಮಲಗುತ್ತೀಯಾ ಅನ್ನುವುದೊಂದೇ ನನ್ನ ಚಿಂತೆ.

ಒಂದೇ ಅಂತ ಬರೆದದ್ದು ಸುಳ್ಳು. ಇನ್ನೊಂದಿದೆ.

ಶಿವರಾತ್ರಿಗೆ ಬಂದ ನೀನು ಮರುದಿನ ಸಂಜೆಯವರೆಗೂ ಇರುತ್ತೇನೆ ಅಂದಿದ್ದೆ. ಬೆಳಿಗ್ಗೆ ರವಿಕೆಯ ಹುಕ್ಕು ಕಿತ್ತುಹೋಗಿದೆ ಅಂತ ನೂಲು ಹುಡುಕುತ್ತಾ ನನ್ನ ಹೊಲಿಗೆ ಬೀರು ತೆಗೆದೆ. ನಾನು ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಬೀರುವಿನ ಬಾಗಿಲು ಕಿರ್ ಅಂದದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಓಡಿ ಬಂದು ನೋಡಿದರೆ ನೀನು ಬಾಗಿಲು ಹಿಡಿದು ನಿಂತಿದ್ದೆ. ಮೇಲಿನ ಅರೆಯಲ್ಲಿ ಬೆರಳುದ್ದದ ನನ್ನ ಬೂದು ಪ್ಲಾಸ್ಟಿಕ್ ಸೈನಿಕರು ಸಾಲಾಗಿ ನಿಂತಿದ್ದರು. ಕೆಳಗಿನ ಅರೆಯಲ್ಲಿ ಬಣ್ಣ ಹಾಕಿದ ಸ್ವಲ್ಪ ಸೈನಿಕರು. ಆ ಬಣ್ಣ ಯಾರ ಕೈಯದು ಅಂತ ನಿನಗೆ ಯಾರೂ ಹೇಳಬೇಕಿರಲಿಲ್ಲ. ‘ನೂಲು ಸಿಗ್ಲಿಲ್ಲ’ ಅಂತಷ್ಟೇ ಅಂದೆ. ರೊಟ್ಟಿ ಅರ್ಧ ತಿಂದು, ಸಂಜೆಗೆ ಹೊರಡಬೇಕಾದವಳು ಹತ್ತೂವರೆ ಬಸ್ಸಿಗೇ ಹೊರಟೆ. ಆವತ್ತಿನಿಂದ ನಿನ್ನ ಮಾತೆಲ್ಲ ನಿಮ್ಮಪ್ಪನ ಫೋನಿನಲ್ಲೇ.

ಮೂಡಿಗೆರೆಯ ಗಂಡನ ಮನೆ ಬಿಟ್ಟು ಬಂದ ದಿನ ನೀನು ಈ ಮನೆಯ ಜಗುಲಿಯಲ್ಲಿ ಕೂತು ಹೇಳಿದ ಮಾತು ನನಗೆ ಮರೆತಿಲ್ಲ. ‘ಆ ಗೊಂಬೆಗಳು ನನ್ನ ಸವತಿಯರು ಕಣಮ್ಮ. ನಾನು ಪಕ್ಕದಲ್ಲಿ ಕೂತಿದ್ರೂ ಅವರು ಬ್ರಶ್ ಹಿಡ್ಕೊಂಡು ಅದರ ಮುಖಾನೇ ನೋಡ್ತಿದ್ರು’ ಅಂದಿದ್ದೆ. ಆ ಸವತಿಯರನ್ನೇ ನಿನ್ನ ಅಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ ಅಂದರೆ ನಿನಗೆ ಹೇಗಾಗಿರಬೇಡ. ಹೇಗೆ ಶುರುವಾಯಿತು ಅಂತ ಮೊದಲಿನಿಂದ ಹೇಳುತ್ತೇನೆ, ಕೇಳು.

ನಿನ್ನ ಸಾಮಾನು ಜೀಪಿನಲ್ಲಿ ಬಂದಾಗ ಅಡುಗೆ ಪಾತ್ರೆಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ತಪ್ಪಿ ಬಂದಿತ್ತು. ಒಡೆದಿರಲಿಲ್ಲ. ಮೇಲೆ ಗಡ್ಡದ ಕುಳ್ಳ ಸೈನಿಕನೊಬ್ಬ ಕೊಡಲಿ ಎತ್ತಿ ಕಿರುಚುವ ಚಿತ್ರ. ನಿನ್ನ ಕಣ್ಣಿಗೆ ಬೀಳುವುದು ಬೇಡ ಅಂತ ಅಟ್ಟಕ್ಕೆ ಹಾಕಿಸಿದೆ. ಮರುವರ್ಷ ನಾನು ಅಂಗಡಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆನಲ್ಲ, ನೀನು ರಜೆ ಹಾಕಿ ಬಂದು ನೋಡಿಕೊಂಡು ವಾಪಸು ಹೋದ ಮೇಲೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪೆಡಲ್ ತುಳಿಯುವ ಹಾಗಿಲ್ಲ, ಹೊಲಿಗೆ ಇಲ್ಲ. ಟೀವಿ ಎಷ್ಟು ಅಂತ ನೋಡುವುದು? ಒಂದು ದಿನ ನಿಮ್ಮಪ್ಪನ ಹತ್ತಿರ ಆ ಪೆಟ್ಟಿಗೆ ಇಳಿಸಿಕೊಂಡೆ.

ಒಳಗೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಅದರ ತುಂಬ ಹುಣಸೆಕಾಯಿ ನೇತುಬಿದ್ದ ಹಾಗೆ ಕೈ, ಕಾಲು, ತಲೆ, ಗುರಾಣಿ. ಅಕ್ಕಿಕಾಳಿನಷ್ಟೇ ದೊಡ್ಡ ಮುಷ್ಟಿ, ಅದರಲ್ಲೂ ಬೆರಳುಗಳು! ಹೇಗೆ ಜೋಡಿಸಬೇಕೆಂದು ಒಂದು ಹಾಳೆಯಲ್ಲಿ ಚಿತ್ರ ಇತ್ತು, ಅಕ್ಷರ ಇರಲಿಲ್ಲ. ಉಗುರು ಕತ್ತರಿಯಲ್ಲಿ ಒಂದೊಂದೇ ತುಂಡು ಬಿಡಿಸಿದೆ. ಅಂಚು ಸವರಲು ನಿನ್ನ ಹಳೆಯ ಉಗುರಿನ ಅರ. ಮೊದಲನೆಯವನಿಗೆ ಎಡಗೈ ಜಾಗಕ್ಕೆ ಬಲಗೈ ಅಂಟಿಸಿಬಿಟ್ಟೆ, ಪಾಪ, ಬೆನ್ನು ತುರಿಸಿಕೊಳ್ಳುವವನ ಹಾಗೆ ನಿಂತ. ಎರಡನೆಯವನು ಸರಿಯಾದ. ಸೊಂಟಕ್ಕೆ ಎದೆ ಕೂತಾಗ ಒಂದು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು ನೋಡು, ನನ್ನ ಕಾಲು ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನೀನು ನಗುತ್ತೀಯ. ಆದರೆ ನಾನು ಮೂವತ್ತು ವರ್ಷ ಈ ಊರಿನ ಹೆಂಗಸರಿಗೆ ರವಿಕೆ ಹೊಲಿದವಳು. ತೋಳು ಕೂರಿಸುವುದು ನನಗೆ ಊಟದಷ್ಟೇ ಇಷ್ಟ. ಕಸೂತಿ ಹಾಕಿ ಕೊಡಿ ಅಂದವರನ್ನು ಬೇರೆ ಕಡೆ ಕಳಿಸುತ್ತಿದ್ದೆ, ನಿನಗೆ ನೆನಪಿರಬಹುದು.

ಇನ್ನು ಕೇಳು. ಫೋನ್ ಮಾಡಿದ್ದು ನಾನು. ಅವರಲ್ಲ. ಪೆಟ್ಟಿಗೆಯಲ್ಲಿದ್ದ ಅಂಟು ಮುಗಿದುಹೋಗಿತ್ತು, ಅದು ಆಲ್ದೂರಿನಲ್ಲಿ ಸಿಗುವ ಅಂಟಲ್ಲ. ಅರ್ಧ ಸೈನ್ಯ ಕೈಕಾಲಿಲ್ಲದೆ ಟ್ರೇಯಲ್ಲಿ ಬಿದ್ದಿತ್ತು. ಕೋರ್ಟಿನಲ್ಲಿ ನಿಮ್ಮ ಅರ್ಜಿ ನಡೆಯುತ್ತಿದ್ದ ಕಾಲ ಅದು. ಎರಡು ದಿನ ಯೋಚಿಸಿ ಶಶಿಕಿರಣ್ ಅವರ ನಂಬರು ಒತ್ತಿದೆ. ಎತ್ತಿದ ಕೂಡಲೇ ‘ಅತ್ತೆ, ಭುವನಾಗೆ ಏನಾಯ್ತು?’ ಅಂತ ಕೇಳಿದರು. ಏನೂ ಆಗಿಲ್ಲ, ನಿಮ್ಮ ಪೆಟ್ಟಿಗೆಯೊಂದು ಇಲ್ಲಿದೆ, ಅದರ ಅಂಟು ಎಲ್ಲಿ ಸಿಗುತ್ತೆ ಅಂದೆ. ಅವರ ಮಾತು ಎಷ್ಟು ಕಡಿಮೆ ಅಂತ ನಿನಗೆ ಗೊತ್ತಲ್ಲ. ‘ಭಾನುವಾರ ತರ್ತೀನಿ’ ಅಂತಷ್ಟೇ ಅಂದರು.

ಭಾನುವಾರ ಮೂಡಿಗೆರೆಯಿಂದ ಸ್ಕೂಟರಿನಲ್ಲಿ ಬಂದರು. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ ಬಾಗಿಲಲ್ಲೇ ನಿಂತಿದ್ದರು. ನಿಮ್ಮಪ್ಪ ‘ಬನ್ನಿ, ಕೂತ್ಕೊಳ್ಳಿ’ ಅಂದು ಪೇಪರು ಮುಖಕ್ಕೆ ಅಡ್ಡ ಹಿಡಿದರು. ನಾನು ಟ್ರೇ ಮುಂದಿಟ್ಟೆ. ಒಬ್ಬ ಸೈನಿಕನನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ‘ಅತ್ತೆ, ಇದನ್ನ ಎಲ್ಲಿ ಅಂಟಿಸಿದೀರಿ? ಗೆರೆನೇ ಕಾಣ್ಸಲ್ವಲ್ಲ!’ ಅಂದರು. ಭುವನಾ, ನನ್ನ ಕೆಲಸವನ್ನು ಹೊಗಳಿದವರು ಬಹಳ ಜನ ಇದ್ದಾರೆ, ಆದರೆ ಯಾರೂ ಹೊಲಿಗೆಯ ಒಳಗನ್ನು ಮಗುಚಿ ನೋಡಿದವರಲ್ಲ.

ಆಮೇಲೆ ಗೊತ್ತಾಯಿತು, ಅವರಿಗೆ ಜೋಡಿಸುವುದೆಂದರೆ ಬೇಸರವಂತೆ. ತರಿಸಿದ ಪೆಟ್ಟಿಗೆಗಳೆಲ್ಲ ಮಂಚದ ಕೆಳಗೇ ಇವೆಯಂತೆ. ಬಣ್ಣ ಹಾಕುವುದೊಂದೇ ಅವರಿಗೆ ಬೇಕು. ಹಾಗೆ ಒಪ್ಪಂದವಾಯಿತು: ಅವರು ಪೆಟ್ಟಿಗೆ ತರುವುದು, ನಾನು ಜೋಡಿಸುವುದು, ಅವರು ಬಣ್ಣ ಹಾಕುವುದು. ಕೋರ್ಟಿನ ಮಾತು ಈ ಮನೆಯಲ್ಲಿ ಆಡಕೂಡದು ಅಂತ ನಾನೇ ಮೊದಲು ಹೇಳಿದೆ.

ನನಗೂ ಬಣ್ಣ ಹಚ್ಚಿಸಲು ಅವರು ಪ್ರಯತ್ನ ಪಡದೆ ಇರಲಿಲ್ಲ. ಪುಟ್ಟ ಪುಟ್ಟ ಡಬ್ಬಿಗಳು, ಹುಬ್ಬಿನ ಕೂದಲಿನಷ್ಟು ಸಣ್ಣ ಬ್ರಶ್ಶು ತಂದು ಕೊಟ್ಟರು. ಒಬ್ಬ ಸೈನಿಕನನ್ನು ಹಿಡಿದು ಕೂತೆ. ಕೆಂಪು ಅಂಗಿ ಹಾಕಿದರೆ ಗಡ್ಡಕ್ಕೆ ತಾಗುತ್ತದೆ, ಗಡ್ಡ ತಿದ್ದಿದರೆ ಮೂಗಿಗೆ ತಾಗುತ್ತದೆ. ಕಣ್ಣಿಗೆ ಚುಕ್ಕೆ ಇಟ್ಟರೆ ಮೆಳ್ಳಗಣ್ಣ. ಒಣಗಲಿ ಅಂತ ಕಾಯಬೇಕು, ಮತ್ತೆ ಹಾಕಬೇಕು. ಜೋಡಿಸುವ ಕೆಲಸಕ್ಕೆ ಒಂದು ಕೊನೆ ಇದೆ, ಕೂತಿತು ಅಂದರೆ ಕೂತಿತು. ಬಣ್ಣಕ್ಕೆ ಕೊನೆಯೇ ಇಲ್ಲ, ಯಾವಾಗಲೂ ಇನ್ನೊಂಚೂರು ಬೇಕು ಅನ್ನುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ನಾನು ಅಷ್ಟು ಕಷ್ಟಪಟ್ಟು ಕೂರಿಸಿದ ಭುಜ ಬಣ್ಣದ ಕೆಳಗೆ ಮುಚ್ಚಿಹೋದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಬ್ರಶ್ಶು ನೀರಿಗೆ ಹಾಕಿ, ಇದು ನನ್ನಿಂದಾಗದು ಮಾರಾಯ್ರೆ, ನನ್ನವರು ಬೂದು ಬಣ್ಣದಲ್ಲೇ ಇರಲಿ ಅಂದೆ. ಅವರು ನಕ್ಕರು. ಮದುವೆಯಾಗಿ ಅಷ್ಟು ವರ್ಷ ಅಳಿಯ ಅಂತ ಈ ಮನೆಗೆ ಬಂದು ಹೋಗಿದ್ದಾರೆ, ಅವರ ನಗು ಹೇಗಿದೆ ಅಂತ ನಾನು ಕೇಳಿದ್ದು ಆವತ್ತೇ. ಸಣ್ಣ ಹುಡುಗರ ಹಾಗೆ ಉಸಿರೆಳೆದು ನಗುತ್ತಾರೆ.

ಇದನ್ನು ಬರೆದು ಒಮ್ಮೆ ಓದಿ ನೋಡಿದೆ. ನಿನಗೆ ಸಿಗದ ನಗು ನನಗೆ ಸಿಕ್ಕಿತು ಅಂತ ಜಂಭ ಕೊಚ್ಚಿಕೊಂಡ ಹಾಗಾಯಿತೇನೋ. ಹಾಗಲ್ಲ ಕಂದ. ನನಗೆ ಅವರಿಂದ ಏನೂ ಬೇಕಿರಲಿಲ್ಲ, ಅದಕ್ಕೇ ಸಿಕ್ಕಿತು. ನಿನಗೆ ಬೇಕಿತ್ತು, ನೀನು ಹೆಂಡತಿ, ಕೇಳುವ ಹಕ್ಕು ನಿನಗಿತ್ತು.

ಈಗ ಚಿಕ್ಕಮಗಳೂರಿನ ಕಥೆ ಹೇಳಬೇಕು. ಹೋದ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಅಲ್ಲೊಂದು ಬೇಕರಿಯ ಮಹಡಿಯಲ್ಲಿ, ಇಂಥ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ದಾಳ ಹಾಕಿ ಯುದ್ಧದ ಆಟ ಆಡುವವರೆಲ್ಲ ಸೇರಿದ್ದರು. ಆ ಹೊತ್ತಿಗೆ ನಿಮ್ಮ ಡೈವೋರ್ಸು ಆಗಿ ಮೂರು ತಿಂಗಳು. ‘ಒಂದ್ಸಲ ಬನ್ನಿ ಅತ್ತೆ, ನಿಮ್ಮ ಸೈನ್ಯ ನಿಮ್ಮ ಕೈಯಲ್ಲೇ ಆಡ್ಲಿ’ ಅಂದರು. ಸ್ಕೂಟರು ನಮ್ಮ ಅಂಗಳದಲ್ಲಿ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ನಿನ್ನ ಆ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಸೈನಿಕರನ್ನು ಹತ್ತಿಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ನೋಡಿದರೆ ಎಲ್ಲ ಕಾಲೇಜು ಮಕ್ಕಳ ವಯಸ್ಸಿನವರು. ಮೇಜಿನ ಮೇಲೆ ಬೆಟ್ಟ, ಸೇತುವೆ, ಮುರಿದ ಕೋಟೆ. ನನಗೆ ಕಣ್ಣು ಕೀಳಲಾಗಲಿಲ್ಲ.

ಎಲ್ಲ ನಡೆಸುತ್ತಿದ್ದವನು ದೇವೇಂದ್ರ ಅಂತ ಒಬ್ಬ. ಮರ್ಯಾದೆಯ ಹುಡುಗನೇ. ನನ್ನ ಡಬ್ಬಿ ತೆಗೆದು ನೋಡಿ, ‘ಆಂಟಿ, ಬಣ್ಣ ಹಾಕ್ದೆ ಇರೋದನ್ನ ಮೇಜಿನ ಮೇಲೆ ಇಡೋ ಹಾಗಿಲ್ಲ. ಅರ್ಧ ಮುಗಿದಿರೋದು ಅಂತ ಲೆಕ್ಕ. ರೂಲ್ಸು’ ಅಂದ. ನಾನು ಸರಿ ಬಿಡಪ್ಪ, ನೋಡಿಕೊಂಡು ಹೋಗುತ್ತೇನೆ ಅಂತ ಮುಚ್ಚಳ ಹಾಕುತ್ತಿದ್ದೆ. ಆಗ ಶಶಿಕಿರಣ್ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು.

‘ಯಾವ್ದು ಅರ್ಧ? ಒಂದು ತಗೊಂಡು ನೋಡಿ. ಎಲ್ಲಿ ಜೋಡ್ಸಿದಾರೆ ತೋರ್ಸಿ.’

ದೇವೇಂದ್ರ ‘ಅದಲ್ಲ ಸಾರ್...’ ಅಂದ.

‘ಇದು ಇವರ ಸೈನ್ಯ. ಬಣ್ಣ ಬೇಡ ಅಂತ ಇವರು ತೀರ್ಮಾನ ಮಾಡಿದಾರೆ. ಅವರ ಕೆಲಸ ಮುಗ್ದಿದೆ. ಇವರು ಆಡೋ ಹಾಗಿಲ್ಲ ಅಂದ್ರೆ ನಾನೂ ಆಡಲ್ಲ.’

ಅಷ್ಟು ಜನರ ನಡುವೆ ನಿಂತು ಹೇಳಿದರು. ಹುಡುಗರೆಲ್ಲ ಡಬ್ಬಿಯ ಸುತ್ತ ಮುತ್ತಿಕೊಂಡು ನೋಡಿದರು. ಕೊನೆಗೆ ದೇವೇಂದ್ರ ನಕ್ಕು, ಆಡಿ ಆಂಟಿ ಅಂದ. ಆಡಿದೆ. ಒಬ್ಬಳು ಕಾಲೇಜು ಹುಡುಗಿ ದಾಳ ಉರುಳಿಸಿ ಉರುಳಿಸಿ ನನ್ನ ಸೈನ್ಯವನ್ನೆಲ್ಲ ಚಟ್ನಿ ಅರೆದು ಬಿಟ್ಟಳು. ನನಗೆ ಸೋತದ್ದು ಗೊತ್ತೇ ಆಗಲಿಲ್ಲ. ನನ್ನ ಮನಸ್ಸು ಅಲ್ಲಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವರು ಖುಷಿಯಲ್ಲಿದ್ದರು. ಮುಂದಿನ ಸಲ ಹೀಗೆ ಮಾಡೋಣ, ಹಾಗೆ ಮಾಡೋಣ ಅನ್ನುತ್ತಿದ್ದರು. ‘ಅಲ್ಲ, ಇವತ್ತು ಪ್ಲಾಸ್ಟಿಕ್ ಗೊಂಬೆಗೆ ಬಂದ ಬಾಯಿ ಆವತ್ತು ನನ್ನ ಮಗಳಿಗೆ ಯಾಕೆ ಬರ್ಲಿಲ್ಲ?’ ಅಂದುಬಿಟ್ಟೆ. ‘ನಿಮ್ಮಣ್ಣ ಎಲ್ರೆದುರಿಗೆ, ಆಸ್ಪತ್ರೆ ಕೆಲಸ ಬಿಟ್ಟು ನಮ್ಮ ಮೆಡಿಕಲ್ ಸ್ಟೋರಲ್ಲಿ ಕೂತ್ಕೋ ಅಂದಾಗ ಅವಳು ನಿನ್ನ ಮುಖ ನೋಡಿದ್ಲು. ನೀನು ಊಟದ ತಟ್ಟೆ ನೋಡ್ದೆ. ಆವತ್ತು ಒಂದು ಮಾತು, ಒಂದೇ ಒಂದು ಮಾತು ಆಡಿದ್ರೆ!’

ಕೋಪದಲ್ಲಿ ಬಹುವಚನ ಹೋಗಿತ್ತು. ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡವನು ಆಲ್ದೂರು ಬರುವವರೆಗೂ ತಿರುಗಲಿಲ್ಲ. ಮನೆಯ ಅಂಗಳದಲ್ಲಿ ಸ್ಕೂಟರಿಗೆ ಕೀಲಿ ಹಾಕಿ, ತಿರುಗಿಸದೆ ನಿಂತ.

‘ಅಣ್ಣನ ಮುಂದೆ ನಾನು ಯಾವತ್ತೂ ಬಾಯಿ ತೆಗೆದವನಲ್ಲ ಅತ್ತೆ. ಭುವನಾ ಎಷ್ಟು ಕಾದ್ಲು ಅಂತ ನಂಗೊತ್ತು. ಅವಳು ಹೋಗಿದ್ದು ಸರಿ.’

‘ಸರಿನೇ’ ಅಂದೆ. ಸಮಾಧಾನ ಮಾಡಬೇಕು ಅನ್ನಿಸಿತು, ಮಾಡಲಿಲ್ಲ. ನಿನ್ನ ಅಮ್ಮ ಆವತ್ತು ನಿನ್ನ ಪರವೇ ಇದ್ದಳು, ಇದನ್ನು ನೀನು ನಂಬಬೇಕು.

ಮುಂದಿನ ಭಾನುವಾರ ಅವನು ಬರುವುದಿಲ್ಲ ಅಂದುಕೊಂಡೆ. ಅಂದುಕೊಂಡರೂ ರಸ್ತೆಯ ಸದ್ದಿನ ಮೇಲೇ ಕಿವಿ. ನಿಮ್ಮಪ್ಪ ‘ಬರಲ್ಲ ಬಿಡು, ಬೈದು ಕಳ್ಸಿದೀಯ’ ಅಂದರು. ಅವರಿಗೂ ಬೇಜಾರು ಅಂತ ನನಗೆ ಕಾಣುತ್ತಿತ್ತು, ಪೇಪರಿನ ಪುಟ ತಿರುವುತ್ತಲೇ ಇರಲಿಲ್ಲ. ಊಟದ ಹೊತ್ತಿಗೆ ಸ್ಕೂಟರು ಬಂತು. ಹೊಸ ಪೆಟ್ಟಿಗೆ ಮೇಜಿನ ಮೇಲಿಟ್ಟು, ‘ಇದ್ರಲ್ಲಿ ಕುದುರೆಗಳಿವೆ ಅತ್ತೆ, ಕಷ್ಟ ಇದೆ’ ಅಂದ. ನಾನು ತಟ್ಟೆ ಹಾಕಿದೆ. ಅವನು ಊಟ ಮಾಡಿದ. ಅಷ್ಟೇ. ಆದರೆ ಬಸ್ಸಿನಲ್ಲಿ ಹೋದ ಬಹುವಚನ ಮಾತ್ರ ವಾಪಸು ಬರಲಿಲ್ಲ, ಅವನೂ ಕೇಳಲಿಲ್ಲ.

ದೀಪಾವಳಿ ಆದ ಮೇಲೆ ಅವನು ಅಣ್ಣನ ಅಂಗಡಿ ಬಿಟ್ಟ. ಬಾಳೆಹೊನ್ನೂರಿನಲ್ಲಿ ಚಿಕ್ಕದೊಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡು ಬೇರೆ ಮನೆ ಮಾಡಿದ್ದಾನೆ. ಇದನ್ನು ನಿನಗೆ ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಈಗ ಮಾಡಿದ್ದನ್ನು ಆಗಲೇ ಮಾಡಬಹುದಿತ್ತಲ್ಲ ಅಂತ ನಿನ್ನ ಎದೆಗೆ ಚುಚ್ಚುತ್ತದೆ. ನನಗೂ ಚುಚ್ಚಿತು.

ನೀವಿಬ್ಬರೂ ಮತ್ತೆ ಒಂದಾಗಲಿ ಅಂತ ನಾನು ಇದನ್ನೆಲ್ಲ ಮಾಡುತ್ತಿದ್ದೇನೆ ಅಂತ ಮಾತ್ರ ತಿಳಿಯಬೇಡ. ಆ ಆಸೆ ನನಗಿಲ್ಲ. ಕೋರ್ಟಿನಿಂದ ಹೊರಗೆ ಬಂದ ದಿನ ನೀನು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಅದಕ್ಕೂ ಮೊದಲು ಎಷ್ಟು ಕಾಲ ನೀನು ಹೊಟ್ಟೆ ತುಂಬ ತಿಂದಿರಲಿಲ್ಲ ಅಂತ ನೋಡಿದವಳು ನಾನು. ಆ ಮನೆಗೆ ನಿನ್ನನ್ನು ವಾಪಸು ಕಳಿಸುವವಳಲ್ಲ.

ನೀನು ಬೇಡ ಅಂದರೆ ಇವತ್ತಿಗೇ ನಿಲ್ಲಿಸುತ್ತೇನೆ ಅಂತ ಮೊದಲು ಬರೆದಿದ್ದೆ. ಆಮೇಲೆ ಆ ಸಾಲಿಗೆ ಗೀಟು ಹಾಕಿ ಅಳಿಸಿದೆ. ನಿಲ್ಲಿಸುವುದಿಲ್ಲ ಭುವನಾ. ನನಗೆ ಐವತ್ತೆಂಟು ವರ್ಷ. ನಿನ್ನ ಓದು, ಮದುವೆ, ನಿಮ್ಮಪ್ಪನ ಅಂಗಡಿ, ಊರಿನವರ ರವಿಕೆ, ಎಲ್ಲ ಮಾಡಿದೆ. ಯಾರಿಗೂ ಉಪಯೋಗವಿಲ್ಲದ, ನನಗೆ ಮಾತ್ರ ಬೇಕಾದ ಕೆಲಸ ಇದೊಂದೇ. ಅದನ್ನು ಅರ್ಥ ಮಾಡಿಕೊಂಡ ಒಬ್ಬ ಮನುಷ್ಯ ಸಿಕ್ಕಿದ್ದಾನೆ. ಅವನು ನಿನ್ನ ಗಂಡನಾಗಿದ್ದವನು ಅನ್ನುವುದು ನನ್ನ ದುರದೃಷ್ಟವೋ ಅದೃಷ್ಟವೋ, ನನಗೆ ಗೊತ್ತಿಲ್ಲ.

ನೀನು ಬಂದಾಗ ಅವನು ಬರುವುದಿಲ್ಲ. ಅವನಾಗಿಯೇ ಹೇಳಿದ್ದಾನೆ. ಇನ್ನು ಮುಂದೆ ಅವನ ಸುದ್ದಿ ನಿನಗೆ, ನಿನ್ನ ಸುದ್ದಿ ಅವನಿಗೆ ನಾನು ದಾಟಿಸುವುದಿಲ್ಲ. ಬೀರುವಿನ ಕೆಳಗಿನ ಅರೆ ಖಾಲಿ ಮಾಡಿದ್ದೇನೆ, ಬಣ್ಣದವರನ್ನೆಲ್ಲ ಅವನ ಮನೆಗೆ ಕಳಿಸಿದೆ. ಮೇಲಿನ ಅರೆಯಲ್ಲಿರುವವರು ನನ್ನವರು. ಅವರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡು, ನಿನ್ನ ಅಮ್ಮನ ಕೆಲಸ ಅಂತ ನೋಡು. ಇಷ್ಟವಾಗದಿದ್ದರೆ ಹೇಳು, ಮುಖದ ಮೇಲೇ ಹೇಳು. ಫೋನ್ ಮಾತ್ರ ನಿಮ್ಮಪ್ಪನಿಗೆ ಮಾಡಬೇಡ. ಅವರು ನೀನು ಹೇಳಿದ್ದರಲ್ಲಿ ಅರ್ಧ ಮರೆತು, ‘ಚೆನ್ನಾಗಿದಾಳಂತೆ’ ಅಂತಷ್ಟೇ ನನಗೆ ಹೇಳುತ್ತಾರೆ. ನನಗೆ ಅಷ್ಟು ಸಾಲದು.

ಯುಗಾದಿಗೆ ಬಾ. ಹೋಳಿಗೆಗೆ ನಿನ್ನಿಷ್ಟದ ಕಾಯಿಹಾಲು ಮಾಡುತ್ತೇನೆ.

ನಿನ್ನ ಮೇಲೆ ಜೀವ ಇಟ್ಟಿರುವ, ಬೈಸಿಕೊಳ್ಳಲು ತಯಾರಾಗಿರುವ
ನಿನ್ನ ಅಮ್ಮ
ವಿಶಾಲಾಕ್ಷಮ್ಮ

ತಾಜಾ ಕಲಂ: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇನ್ನೂ ಒಂದು ಉಳಿದಿದೆ. ಹೋದ ಗುರುವಾರ ಶಶಿಕಿರಣನ ಜೊತೆ ಕಳಸಕ್ಕೆ ಹೋಗಿದ್ದೆ, ಹೆಣ್ಣು ನೋಡಲು. ಅವನಿಗೆ ತಾಯಿಯಿಲ್ಲ, ಅಣ್ಣನ ಮನೆಯವರು ಬರುವುದಿಲ್ಲ, ದೊಡ್ಡವರು ಅಂತ ಒಬ್ಬರು ಬೇಕಲ್ಲ ಅತ್ತೆ ಅಂದ. ಹುಡುಗಿಯ ಹೆಸರು ತನುಜಾ, ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಅವಳ ಅಜ್ಜಿ ಭಾಗಮ್ಮ ಅಂತ, ಹಳೆಯ ಕಾಲದವರು, ಕಾಫಿ ಕೊಟ್ಟ ಮೇಲೆ ‘ನೀವು ಹುಡುಗನಿಗೆ ಏನಾಗ್ಬೇಕು?’ ಅಂತ ಕೇಳಿದರು. ಅವನು ‘ನಮ್ಮತ್ತೆ’ ಅಂದ. ‘ಓ, ತಂದೆಯ ತಂಗಿಯೋ’ ಅಂದರು ಅಜ್ಜಿ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ‘ಅಲ್ಲ ಅಜ್ಜಿ. ನನ್ನ ಮೊದಲನೇ ಹೆಂಡತಿಯ ಅಮ್ಮ’ ಅಂದ, ತುಂಬಿದ ಮನೆಯಲ್ಲಿ. ಅಜ್ಜಿ ಲೋಟ ಕೆಳಗಿಟ್ಟು ನನ್ನ ಹತ್ತಿರಕ್ಕೆ ಸರಿದು ಕೂತು, ‘ಹಂಗಾರೆ ನಿಮ್ಮಷ್ಟು ಗೊತ್ತಿರೋರು ಬೇರೆ ಯಾರಿದಾರೆ? ನೀವೇ ಹೇಳಿ’ ಅಂದರು. ನನ್ನ ಮಗಳು ಬಿಟ್ಟು ಬಂದಿದ್ದು ಸರಿಯಾಗೇ ಇತ್ತು, ಆಗ ಇವನು ಮಾತಾಡ್ತಿರಲಿಲ್ಲ, ಈಗ ಮಾತಾಡ್ತಾನೆ, ನಿಮ್ಮ ಹುಡುಗಿಯನ್ನ ಕೊಡಬಹುದು ಅಂದೆ. ಒಪ್ಪಿಗೆಯಾಗಿದೆ. ಬೇರೆಯವರ ಬಾಯಿಂದ ಇದು ನಿನ್ನ ಕಿವಿಗೆ ಬೀಳಬಾರದು ಅಂತಲೇ ಈ ಕಾಗದ ಬರೆಯಲು ಕೂತದ್ದು. ಧೈರ್ಯ ಬರುವಷ್ಟರಲ್ಲಿ ಇಷ್ಟುದ್ದ ಆಯಿತು.